ಉತ್ತರ ಬರುವ ಮೊದಲೇ ‘ಸೇವ್ ಆಯ್ತು’

ಅಕ್ಟೋಬರ್ ೪, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗೆ ನಾನು ಬರೆದುಕೊಟ್ಟ ಪ್ರೋಗ್ರಾಂ ಸರಿಯಿಲ್ಲವಂತೆ! ಆಯುಧಪೂಜೆಯ ದಿನ ಮಾಲೀಕ ಶಶಿಕುಮಾರ್ ಒಳಕೋಣೆಯ ಸರ್ವರ್ ಆಫ್ ಮಾಡಿ, ಕುಂಕುಮ ಹಚ್ಚಿ, ಹಾರ ಹಾಕಿ ಕೂರಿಸಿದ್ದಾರೆ. ಅದೇ ಹೊತ್ತಿಗೆ ಗಿರಾಕಿ ವಿಶಾಲಮ್ಮ ಮಗಳ ಮುಹೂರ್ತದ ಸಮಯ ಬದಲಾಯಿಸಲು ಬಂದಿದ್ದಾರೆ. ಅಂಗಡಿಯವರು ಅವರೆದುರೇ ಕೌಂಟರಿನ ಕಂಪ್ಯೂಟರಿನಲ್ಲಿ ತಿದ್ದಿದ್ದಾರೆ. ಇವತ್ತು ನೋಡಿದರೆ ಪತ್ರಿಕೆಗಳೆಲ್ಲ ಹಳೆಯ ಸಮಯದಲ್ಲೇ ಅಚ್ಚಾಗಿವೆ.

“ಕೌಂಟರ್‌ದು ಆನ್ ಇತ್ತಲ್ಲ ಮೇಡಂ?” ಅಂದರು ಶಶಿಕುಮಾರ್.

“ಅದು ಕೇಳೋದಷ್ಟೇ ಸಾರ್! ಬರೆದಿಟ್ಕೊಳ್ಳೋದು, ಉತ್ತರ ಕೊಡೋದು ಸರ್ವರ್. ಅದನ್ನೇ ಆಫ್ ಮಾಡಿದ್ರೆ?” ಎಂದು ಅಂಗಡಿ ತುಂಬ ಜನರ ಮುಂದೆ ಕೂಗಾಡಿದೆ.

ವಿಶಾಲಮ್ಮ ಮಾತ್ರ ಮೆಲ್ಲಗೆ, “ಸೇವ್ ಆಯ್ತು ಅಂತ ಬಂತಮ್ಮ, ನಾನೇ ನೋಡ್ದೆ” ಅಂದರು.

ಮನೆಗೆ ಬಂದು ಕೋಡ್ ತೆರೆದೆ. ಸರ್ವರಿನ ಉತ್ತರಕ್ಕೆ ಕಾಯದೆ, ಬಟನ್ ಒತ್ತಿದ ಕೂಡಲೇ ‘ಸೇವ್ ಆಯ್ತು’ ಎಂದು ತೋರಿಸುವ ಸಾಲು ಅಲ್ಲಿದೆ. ಅವಸರದಲ್ಲಿ ಬರೆದವಳು ನಾನೇ. ಕಾಲೇಜು ಮಕ್ಕಳೂ ಮಾಡದ ತಪ್ಪು. ಥೂ.

ಶಶಿಕುಮಾರ್ ಆಗಲೇ ತಲೆ ತಗ್ಗಿಸಿ “ನಮ್ದೇ ತಪ್ಪು ಮೇಡಂ” ಅಂದಿದ್ದರು. ನಾನು “ಆಯ್ತು ಬಿಡಿ” ಎಂದು ದೊಡ್ಡ ಮನಸ್ಸು ಮಾಡಿ ಬಂದಿದ್ದೇನೆ. ನಾಳೆ ಯಾವ ಮುಖ ಹೊತ್ತು ಆ ಅಂಗಡಿಗೆ ಹೋಗಿ ತಪ್ಪು ನನ್ನದೇ ಅನ್ನಲಿ?