ನಲವತ್ತು ಗಂಟೆಯ ಸರ್ಟಿಫಿಕೇಟು

ಪುಟ್ಟಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನನಗೆ ಟೋಪಿ ಹಾಕುವ ಗಂಡು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಆದರೂ ಇದನ್ನು ಬರೆಯಬೇಕಾಗಿ ಬಂದಿದೆ.

ಆರ್ಕಿಟೆಕ್ಟ್ ಆದವರು ವರ್ಷಕ್ಕೆ ನಲವತ್ತು ಗಂಟೆ ತರಬೇತಿ ಪಡೆಯದಿದ್ದರೆ ನೋಂದಣಿ ರದ್ದಾಗುತ್ತದೆಂದು ಹೇಳಿ, ಅದರ ಶುಲ್ಕ ಕಟ್ಟಲು ನನ್ನನ್ನು ಕಳಿಸಿದ್ದೆಯಲ್ಲ? ನಿಮ್ಮ ಪರಿಷತ್ತಿನ ಮೆಟ್ಟಿಲ ಮೇಲೆ ಒಬ್ಬ ಅಡ್ಡ ಬಂದ. "ಯಜಮಾನ್ರೇ, ಅಷ್ಟೊಂದು ಮನೆ ಕಟ್ಟಿಸಿದ ಹೆಣ್ಣುಮಗಳು ಮತ್ತೆ ಬೆಂಚಿನ ಮೇಲೆ ಕೂರಬೇಕಾ? ಸಂಜೆಯೊಳಗೆ ಸರ್ಟಿಫಿಕೇಟು ಕೊಡಿಸ್ತೀನಿ ಬಿಡಿ" ಅಂದ. ನಮ್ಮ ಮನೆತನದ ಮಾನ ಉಳಿಯಿತೆಂದು ಹಿಗ್ಗಿ, ಅವನು ಕೇಳಿದಷ್ಟು ಹಣ ಕೊಟ್ಟೆ. "ನಿನ್ನ ಕೆಲಸ ನೋಡಿ ಪಾಠವನ್ನೇ ಮಾಫಿ ಮಾಡಿದರು" ಎಂದು ನಿನಗೆ ಸುಳ್ಳು ಹೇಳಿ, ಅವನು ತಂದುಕೊಟ್ಟ ಸರ್ಟಿಫಿಕೇಟನ್ನು ನಿನ್ನ ಕೈಗಿಟ್ಟೆ.

ನಿನ್ನೆ ಪೊಲೀಸರು ಅವನನ್ನು ಎಳೆದುಕೊಂಡು ಹೋದದ್ದನ್ನು ಕಣ್ಣಾರೆ ಕಂಡೆ. ಅವನು ಕೊಟ್ಟ ಸರ್ಟಿಫಿಕೇಟುಗಳೆಲ್ಲ ನಕಲಿಯಂತೆ. ಆ ಕಾಗದವನ್ನು ಸೋಮವಾರ ದಯವಿಟ್ಟು ಪರಿಷತ್ತಿಗೆ ಕೊಡಬೇಡ. ಕೊಟ್ಟರೆ ಹದಿನಾರು ವರ್ಷ ದುಡಿದು ಗಳಿಸಿದ ನಿನ್ನ ಹೆಸರು ಮಣ್ಣುಪಾಲಾಗುತ್ತದೆ. ನಾನೇ ಪೊಲೀಸ್ ಠಾಣೆಗೆ ಬಂದು ತಪ್ಪೊಪ್ಪಿಗೆ ಬರೆದುಕೊಡುತ್ತೇನೆ. ನೀನು ಪಕ್ಕದಲ್ಲಿ ನಿಂತರೆ ಸಾಕು. ಒಬ್ಬನೇ ಹೋಗಲು ಭಯ.

ಚಿಕ್ಕಮ್ಮನಿಗೆ ಎರಡು ಸಾವಿರ ಹೋಯಿತು ಎಂದಿದ್ದೇನೆ. ಪೊಲೀಸರ ಮುಂದೆ ಮಾತ್ರ ನಿಜವನ್ನೇ ಹೇಳಬೇಕಲ್ಲ. ನೀನು ಕೊಟ್ಟ ಹನ್ನೆರಡು ಸಾವಿರ, ಅವಳು ಹಲ್ಲು ಕಟ್ಟಿಸಲು ಇಟ್ಟಿದ್ದ ಹತ್ತೊಂಬತ್ತು ಸಾವಿರ, ಒಟ್ಟು ಮೂವತ್ತೊಂದು ಸಾವಿರ.

ಇಂತಿ,
ನಿನ್ನ ಚಿಕ್ಕಪ್ಪ