ಲಗ್ನಪತ್ರಿಕೆಯಲ್ಲಿ ಬಿಟ್ಟ ಹೆಸರು

ಮಲ್ಕಾಜ್‌ಗಿರಿ
೧೪ ನವೆಂಬರ್ ೨೦೨೩

ಮಾತೃಶ್ರೀ ಪಾರ್ವತಿಬಾಯಿಯವರ ಪಾದಗಳಿಗೆ, ಮಗಳು ಸೌಂದರ್ಯಾಳ ನಮಸ್ಕಾರ.

ಅವ್ವ, ಕಾಚಿಗೂಡದಿಂದ ಇಲ್ಲಿಗೆ ಅರ್ಧ ತಾಸಿನ ದಾರಿ. ಆದರೂ ನನ್ನ ಮದುವೆಯಾಗಿ ವರ್ಷ ಕಳೆದರೂ ನೀನು ಈ ಮನೆಯ ಹೊಸ್ತಿಲು ತುಳಿದಿಲ್ಲ. ಕರೆದಾಗಲೆಲ್ಲ ಮೊಣಕಾಲು ನೋವು ಅನ್ನುತ್ತೀ. ಫೋನಿನಲ್ಲಿ ಹೇಳಲು ಹೋಗಿ ಎರಡು ಸಲ ಬೇರೇನೋ ಮಾತಾಡಿ ಇಟ್ಟುಬಿಟ್ಟೆ, ಅದಕ್ಕೇ ಈ ಕಾಗದ.

ನನಗೀಗ ಏಳು ತಿಂಗಳು. ಮುಂದಿನ ವಾರ, ಇಪ್ಪತ್ತನಾಲ್ಕಕ್ಕೆ, ಕುಬಸ, ಇಲ್ಲಿಯವರ ಸೀಮಂತ, ಇಟ್ಟುಕೊಂಡಿದ್ದಾರೆ. ತವರಿನ ಹಸಿರು ಸೀರೆ ಉಡದೆ ಅದೆಂಥ ಕುಬಸ? ನೀನು ಬರಲೇಬೇಕು. ಆದರೆ ಕರೆಯುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು.

ಮೊದಲ ಲಗ್ನಪತ್ರಿಕೆಯನ್ನು ದೇವರ ಮುಂದಿಟ್ಟು ಅಪ್ಪ ಹೆಸರುಗಳನ್ನು ಗಟ್ಟಿಯಾಗಿ ಓದಿದರಲ್ಲ, ತಮ್ಮ ಹೆಸರಾದ ಮೇಲೆ 'ಶ್ರೀಮತಿ ಪಾರ್ವತಿ ದೇವಿ' ಎಂದು ಓದಿ ನಿಂತುಬಿಟ್ಟರು. ನೀನು ಒಲೆಯ ಮುಂದಿನಿಂದಲೇ 'ಇಕಿ ಯಾರ್ರೀ, ನನ್ನ ಮಗಳ ಲಗ್ನದಾಗ?' ಅಂದೆ. ಪ್ರೆಸ್ಸಿನವರ ತಪ್ಪು ಅಂದೆ ನಾನು. 'ಅವರ ಕಣ್ಣಾಗ ಏನ್ ಮಣ್ಣು ಬಿದ್ದಿತ್ತು?' ಎಂದು ನೀನು ಬೈದೆ. ತಪ್ಪು ಪ್ರೆಸ್ಸಿನವರದಲ್ಲ ಅವ್ವ, ಹಾಗೆ ಬರೆದುಕೊಟ್ಟವಳು ನಾನೇ.

ಭಾಲ್ಕಿಯ ನಿನ್ನ ತವರಿನಲ್ಲಿ ಬಾಯಿ ಅನ್ನುವುದು ಮರಾಠಿಯಿಂದ ಬಂದ ಮರ್ಯಾದೆ. ದೊಡ್ಡಮ್ಮ ಗಂಗಾಬಾಯಿ, ನೀನು ಪಾರ್ವತಿಬಾಯಿ, ಆ ಮನೆಯ ಹೆಣ್ಣುಮಕ್ಕಳೆಲ್ಲ ಬಾಯಿಯರೇ. ನಮ್ಮ ಕನ್ನಡದಲ್ಲಿ ಅದು ಉಣ್ಣುವ ಬಾಯಿ, ಬೈಯುವ ಬಾಯಿ. ನಮ್ಮತ್ತೆಯವರ ತೆಲುಗಿನಲ್ಲಿ ಬಾವಿಯೇ ಸವೆದು ಬಾಯಿಯಾಗಿದೆ. ಊರಿನ ಹೊಲದ ಬಾಯಿಯ ನೀರು ಎಷ್ಟು ಸಿಹಿ ಎಂದು ಹೇಳುತ್ತಿರುತ್ತಾರೆ. ಆದರೆ ನಮ್ಮ ಕಾಲೇಜಿನ ಹಿಂದಿಯಲ್ಲಿ ಬಾಯಿ ಅಂದರೆ ಪಾತ್ರೆ ತಿಕ್ಕಲು ಬರುವವಳು. ಫಾರ್ಮಿನಲ್ಲಿ ನಿನ್ನ ಹೆಸರು ನೋಡಿ ಹುಡುಗಿಯರು ನಕ್ಕಿದ್ದರು. ಗಂಡನ ಮನೆಯವರೂ ನಕ್ಕಾರು ಎಂದು ಹೆದರಿದೆ. ನಿನ್ನ ಹೆಸರಿಗೆ ನಾಚಿದೆ, ಅವ್ವ.

ಇಲ್ಲಿ ಪಾತ್ರೆಗೆ ಬರುವವಳನ್ನು ನಾನೂ ಬಾಯಿ ಎಂದೇ ಕರೆಯುತ್ತಿದ್ದೆ. ಮೊನ್ನೆ ನನಗೆ ತಲೆ ಸುತ್ತಿದಾಗ ಹಿಡಿದು ಕೂರಿಸಿ ಗಂಜಿ ಕಾಸಿ ಕುಡಿಸಿದಳು. ಆಗ ಹೆಸರು ಕೇಳಿದೆ, ಬಂಡೆಮ್ಮ ಅಂದಳು. ನನಗೆ ನಿನ್ನ ನೆನಪಾಗಿ ಅಳು ತಡೆಯಲಾಗಲಿಲ್ಲ. ಅದೇ ಸಂಜೆ ಅತ್ತೆಯವರಿಗೆ ನಿನ್ನ ನಿಜವಾದ ಹೆಸರು ಹೇಳಿದೆ. 'ಮಂಚಿ ಪೇರು' ಎಂದು ಹೆಸರನ್ನು ಮೆಚ್ಚಿ ಬೀನ್ಸ್ ಹೆಚ್ಚುತ್ತಾ ಕೂತರು, ಅಷ್ಟೇ.

ನಿನ್ನ ದಾರಿ ಕಾಯುತ್ತಿರುವ
ಸೌಂದರ್ಯಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಪ್ಪನಿಗೆ ಫೋನ್ ಮಾಡಿ, ಅವ್ವ ಯಾಕೆ ಬರುವುದಿಲ್ಲ ಎಂದು ಒತ್ತಿ ಕೇಳಿದೆ. ಪತ್ರಿಕೆ ಬಂದ ಮರುದಿನವೇ ನೀನು ಸುಲ್ತಾನ್ ಬಜಾರಿಗೆ ಹೋಗಿ ಪ್ರೆಸ್ಸಿನವರ ಜೊತೆ ಜಗಳ ತೆಗೆದೆಯಂತೆ. ಅವರು ನನ್ನ ಕೈಬರಹದ ಚೀಟಿಯನ್ನು ನಿನ್ನ ಮುಂದಿಟ್ಟರಂತೆ. ಎಲ್ಲ ಗೊತ್ತಿದ್ದೂ ಮದುವೆಯ ಬೆಳಿಗ್ಗೆ ನೀನೇ ನನ್ನ ತಲೆ ಬಾಚಿ ಹೂ ಮುಡಿಸಿದೆ. ಬಾ ಅವ್ವ. ಸೀರೆ ತರದಿದ್ದರೂ ಸರಿ, ಬಂದು ಎಲ್ಲರ ಮುಂದೆ ನನ್ನನ್ನು ಬೈಯಿ.