ದೇವರ ಮುಂದೆ ನೀವು ಹೇಳಿದ ಚಾಡಿ

ಅತ್ತೆಯವರೇ,

‘ಪ್ರೀತಿಯ’ ಎಂದು ಮೊದಲು ಬರೆದು, ಆಮೇಲೆ ಹೊಡೆದುಹಾಕಿದೆ. ನೀವಿದ್ದಾಗ ಹೇಳದ ಸುಳ್ಳನ್ನು ಈಗೇಕೆ ಬರೆಯಲಿ?

ಮದುವೆಯಾಗಿ ಲಿಂಗನಮಕ್ಕಿಗೆ ಬಂದ ಮೊದಲ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅಣೆಕಟ್ಟಿನ ಕೆಲಸಗಾರರ ತಗಡಿನ ಮನೆಗಳ ಸಾಲಿನಲ್ಲಿ ನಮ್ಮದೇ ಕೊನೆಯದು. ಏಳು ಗಂಟೆಗೆ ಸರಿಯಾಗಿ ಚಾಪೆ ಹಾಸಿ ನಮ್ಮಿಬ್ಬರನ್ನೂ ಮೊಣಕಾಲೂರಿಸಿದಿರಿ. “ಕರ್ತನೇ, ಸೊಸೇನ ಕೊಟ್ಟೆ, ಸ್ತೋತ್ರ. ಸಾರಿಗೆ ಉಪ್ಪು ಎಷ್ಟು ಹಾಕ್ಬೇಕು ಅಂತ ಅವಳಿಗೆ ನೀನೇ ತಿಳ್ಸು.” ತಮಾಷೆ ಅಂದುಕೊಂಡು ನಗಲು ಹೊರಟಿದ್ದೆ. ಅಷ್ಟರಲ್ಲಿ ನೀವು ಒಂದು ಕಣ್ಣು ತೆರೆದು ನೋಡಿದಿರಿ.

ಆಮೇಲೆ ಒಂದು ಸಂಜೆಯಾದರೂ ಬಿಟ್ಟಿರೇ? ನಾನು ತಡವಾಗಿ ಎದ್ದದ್ದು, ಪಕ್ಕದ ಮನೆಯವಳ ಜೊತೆ ನಕ್ಕದ್ದು, ತವರಿಗೆ ಕಾಗದ ಬರೆದದ್ದು, ಎಲ್ಲವೂ ದೇವರಿಗೆ ವರದಿಯಾಗುತ್ತಿತ್ತು. ದೇವರಿಗೆ ಕೇಳಿಸಿತೋ ಇಲ್ಲವೋ, ತಗಡಿನಾಚೆ ಇಡೀ ಸಾಲಿಗೆ ಕೇಳಿಸುತ್ತಿತ್ತು. ದಿನಾ ಪ್ರಾರ್ಥನೆ ಮಾಡದವನು ಕ್ರೈಸ್ತನೇ ಅಲ್ಲ ಎನ್ನುತ್ತಿದ್ದಿರಿ. ದಿನಾ ಚಾಡಿ ಹೇಳುವವರನ್ನು ಏನೆನ್ನಬೇಕು?

ಬಸುರಿನ ಐದನೇ ತಿಂಗಳಲ್ಲಿ ಮಗು ಹೋಗಿ, ಸಾಗರದ ಆಸ್ಪತ್ರೆಯಿಂದ ಮನೆಗೆ ಬಂದ ದಿನ. ನೋಡಲು ಬಂದ ಹೆಂಗಸರನ್ನೆಲ್ಲ ಕೂರಿಸಿಕೊಂಡು ನೀವು ಕೈಮುಗಿದಿರಿ. “ಪ್ರಾರ್ಥನೆ ಹೊತ್ತಲ್ಲಿ ತೂಕಡಿಸ್ತಿದ್ಲು ತಂದೆ, ಅದಕ್ಕೇ ಹೀಗಾಯ್ತು. ಕ್ಷಮಿಸ್ಬಿಡು.” ಎದ್ದು ಕೂರಲೂ ಆಗದೆ ಮಲಗಿದ್ದೆ. ನಿಮ್ಮ ಮಗ ಬಾಗಿಲ ಬಳಿ ನಿಂತು ‘ಆಮೆನ್’ ಎಂದರು. ಆ ಒಂದು ಮಾತಿಗೆ ನಾನು...

ಅಂದಿನಿಂದ ಮೊಣಕಾಲೂರಿದೆ, ಬಾಯಿ ಬಿಡಲಿಲ್ಲ. ಎರಡು ವರ್ಷ. ನಿಮ್ಮ ಎದೆನೋವಿನ ದಿನಗಳಲ್ಲಿ ಗಂಜಿ ಕುಡಿಸಿದೆ, ಬೆನ್ನು ಒರೆಸಿದೆ. ನಿಮಗಾಗಿ ಒಂದು ಪ್ರಾರ್ಥನೆ ಮಾತ್ರ ಮಾಡಲಿಲ್ಲ. ನೀವು ತೀರಿಕೊಂಡ ಮೇಲೆ ಏಳು ಗಂಟೆಗೆ ನಾವು ಸುಮ್ಮನೆ ಊಟ ಮಾಡುತ್ತಿದ್ದೆವು. ಎಂಥ ನೆಮ್ಮದಿ ಅಂದುಕೊಂಡೆ!

ಒಂದು ಸಂಜೆ ನಿಮ್ಮ ಮಗ ತಟ್ಟೆ ಪಕ್ಕಕ್ಕಿಟ್ಟರು. “ಅವತ್ತು ನಾನು ಆಮೆನ್ ಅನ್ಬಾರ್ದಿತ್ತು” ಎಂದರು. “ಅಮ್ಮಂಗೆ ಎದುರಾಡಕ್ಕೆ ಧೈರ್ಯ ಬರ್ಲಿಲ್ಲ ಕಣೇ. ಆ ಮಗೂಗೋಸ್ಕರ ನಾವು ಒಂದ್ಸಲಾನೂ ಪ್ರಾರ್ಥನೆ ಮಾಡ್ಲಿಲ್ಲ.”

“ನಂಗೆ ಮತ್ತೆ ಆ ಚಾಪೆ ಮೇಲೆ ಮೊಣಕಾಲೂರಕ್ಕೆ ಆಗಲ್ಲ ರೀ.”

“ಕೂತ್ಕಂಡೇ ಮಾಡಣ.”

ಎಂಜಲು ಕೈಯಲ್ಲೇ ಕೂತು ಮಾಡಿದೆವು. ಅವರೇ ಮಗುವಿಗೊಂದು ಹೆಸರಿಟ್ಟು ದೇವರಿಗೆ ಒಪ್ಪಿಸಿದರು. ದೂರು ಇಲ್ಲದ ಪ್ರಾರ್ಥನೆ ಎಷ್ಟು ಚಿಕ್ಕದು ಗೊತ್ತೇ, ಅತ್ತೆ? ಐದು ನಿಮಿಷವೂ ಹಿಡಿಯಲಿಲ್ಲ. ಮರುದಿನ ಪ್ರಾರ್ಥನೆಗೆ ಕರೆದವಳು ನಾನೇ. ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ನಿಮ್ಮ ದಬ್ಬಾಳಿಕೆಯಿಂದ ಆಗದ್ದು ಇದು, ಕೇಳಿಸಿಕೊಳ್ಳಿ.

ಇನ್ನೊಂದು ಸುದ್ದಿ. ನನಗೀಗ ಏಳನೇ ತಿಂಗಳು. ಮಗು ಚೆನ್ನಾಗಿದೆ ಎಂದು ನರ್ಸಮ್ಮ ಹೇಳಿದ್ದಾರೆ. ಮಾತು ಬಂದ ಮೇಲೆ ಅದಕ್ಕೆ ದಿನಾ ಪ್ರಾರ್ಥನೆ ಹೇಳಿಕೊಡುತ್ತೇನೆ. ಅಜ್ಜಿ ಹೇಗಿದ್ದರು ಎಂದು ಕೇಳಿದರೆ, ಗಂಜಿ ಎಂದರೆ ಮುಖ ತಿರುಗಿಸುತ್ತಿದ್ದರು, ಹಾಡಿದರೆ ದನಿ ಇಂಪಾಗಿತ್ತು ಎನ್ನುತ್ತೇನೆ. ಉಳಿದದ್ದನ್ನು ಹೇಳುವುದಿಲ್ಲ.

ಇದನ್ನು ಕ್ಷಮೆ ಎಂದುಕೊಳ್ಳಬೇಡಿ. ಹುಟ್ಟಲಿರುವ ಮಗುವಿಗೆ ಒಬ್ಬ ಅಜ್ಜಿ ಬೇಕು, ಅಷ್ಟೇ.

ನಿಮ್ಮ ಸೊಸೆ